ಕೆಂಪಿಲ್ಲದ ಬೆಳಕು: ಮೊದಲ ಪಾದರಸ ದೀಪಗಳ ಚರಿತ್ರೆ

ಆದವಾನಿ, ಆಲೂರು, ಎಮ್ಮಿಗನೂರು ಸೀಮೆಯಲ್ಲಿ ನಡುವಯಸ್ಸು ದಾಟಿದವರಿಗೆ ‘ಮರ್ಕ್ಯುರಿ ಲೈಟು’ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಸಂಜೆ ಹೊತ್ತಿಸಿದ ಕೂಡಲೇ ಅದು ಬೆಳಗುತ್ತಿರಲಿಲ್ಲ; ಮೊದಲು ಮಂಕಾಗಿ ಮಿಣುಗಿ, ನಾಲ್ಕೈದು ನಿಮಿಷ ಕಳೆದ ಮೇಲೆ ಪೂರ್ಣ ಪ್ರಕಾಶಕ್ಕೆ ಬರುತ್ತಿತ್ತು. ಕರೆಂಟು ಒಂದು ಕ್ಷಣ ಹೋಗಿ ಬಂದರೆ ಮನೆಯ ಬಲ್ಬುಗಳೆಲ್ಲ ಮತ್ತೆ ಹೊತ್ತಿಕೊಳ್ಳುತ್ತಿದ್ದವು. ಬೀದಿಕಂಬದ ಈ ದೀಪ ಮಾತ್ರ ತಣ್ಣಗಾಗುವವರೆಗೂ ಮುನಿಸಿಕೊಂಡಂತೆ ಕತ್ತಲಲ್ಲೇ ಇರುತ್ತಿತ್ತು. ಅದರ ನೀಲಿ-ಹಸಿರು ಬೆರೆತ ಬಿಳುಪಿನಲ್ಲಿ ಹಣೆಯ ಕುಂಕುಮ ಕಪ್ಪುಗೂಡಿ ಕಾಣುತ್ತಿತ್ತು, ಆರೋಗ್ಯವಂತರ ಮುಖವೂ ಕಾಯಿಲೆಯವರ ಮುಖದಂತೆ ತೋರುತ್ತಿತ್ತು.

ಈ ಬಣ್ಣಗೇಡಿತನ ಆ ದೀಪಕ್ಕೆ ಹುಟ್ಟಿನಿಂದಲೇ ಬಂದದ್ದು. ಅದರ ಮೂಲಪುರುಷನಾದ ಕೊಳವೆದೀಪವನ್ನು ಜನರು ಮನೆಯೊಳಗೆ ಸೇರಿಸದೆ ಹೋದುದಕ್ಕೂ ಇದೇ ಕಾರಣ. ಆದರೆ ಭಾರತದ ವಿಜ್ಞಾನಕ್ಕೆ ನೊಬೆಲ್ ಪಾರಿತೋಷಕವನ್ನು ತಂದ ಶೋಧದಲ್ಲಿ ಕೈಹಿಡಿದದ್ದು ದೀಪದ ಈ ದೋಷವೇ. ಫೆಬ್ರವರಿ 28ರ ವಿಜ್ಞಾನ ದಿನಾಚರಣೆಯ ಭಾಷಣಗಳಲ್ಲಿ ಕಡಲಿನ ನೀಲಿಯ ಪ್ರಸ್ತಾಪ ತಪ್ಪದೆ ಬರುತ್ತದೆ, ದೀಪದ ಹೆಸರು ಬರುವುದಿಲ್ಲ. ಶಾಲೆಯ ಸಂಚಿಕೆಯಲ್ಲಾದರೂ ಅದಕ್ಕೊಂದು ಸ್ಥಾನ ಸಲ್ಲಬೇಕು.

ಪಾದರಸದ ಆವಿಯಲ್ಲಿ ವಿದ್ಯುತ್ತು ಹರಿದರೆ ಬೆಳಕು ಹೊಮ್ಮುತ್ತದೆ ಎಂಬುದು ಹಳೆಯ ತಿಳಿವಳಿಕೆ. 1860ರಲ್ಲಿ ಜಾನ್ ಥಾಮಸ್ ವೇ ಎಂಬವನು ಲಂಡನ್ನಿನಲ್ಲಿ ಥೇಮ್ಸ್ ನದಿಯ ಹಂಗರ್‌ಫರ್ಡ್ ಸೇತುವೆಯ ಮೇಲೆ ಪಾದರಸದ ಧಾರೆಯಿಂದ ಉರಿಯುವ ದೀಪವನ್ನು ಪ್ರದರ್ಶಿಸಿದನು. ಅದು ಪ್ರದರ್ಶನವಾಗಿಯೇ ಉಳಿಯಿತು. 1892ರಲ್ಲಿ ಬರ್ಲಿನ್ನಿನ ಭೌತವಿಜ್ಞಾನಿ ಲಿಯೋ ಆರನ್ಸ್, ಗಾಳಿ ತೆಗೆದ ಗಾಜಿನ ಕೊಳವೆಯ ಎರಡು ತುದಿಗಳಲ್ಲೂ ಪಾದರಸವಿಟ್ಟು, ಅದನ್ನು ಅಲುಗಿಸಿ ಹೊತ್ತಿಸುವ ದೀಪವನ್ನು ರಚಿಸಿದನು. ಈ ಆರನ್ಸನ ಹೆಸರು ಜರ್ಮನಿಯಲ್ಲಿ ದೀಪಕ್ಕಿಂತ ಹೆಚ್ಚಾಗಿ ಒಂದು ಕಾನೂನಿಗೆ ಅಂಟಿಕೊಂಡಿದೆ: ಸಮಾಜವಾದಿ ಪಕ್ಷದ ಸದಸ್ಯನೆಂಬ ಕಾರಣಕ್ಕೆ ಅವನಿಂದ ವಿಶ್ವವಿದ್ಯಾಲಯದ ಬೋಧನೆಯನ್ನು ಕಿತ್ತುಕೊಳ್ಳಲೆಂದೇ ಪ್ರಷ್ಯದ ಸರ್ಕಾರ ಕಾನೂನೊಂದನ್ನು ಮಾಡಿ, 1900ರಲ್ಲಿ ಅವನನ್ನು ಹೊರಹಾಕಿತು.

ಪ್ರಯೋಗಶಾಲೆಯ ಈ ವಸ್ತುವನ್ನು ಮಾರುಕಟ್ಟೆಯ ದೀಪವನ್ನಾಗಿ ಮಾಡಿದವನು ನ್ಯೂಯಾರ್ಕಿನ ಪೀಟರ್ ಕೂಪರ್ ಹೆವಿಟ್. ತಾತ ಪ್ರಸಿದ್ಧ ಉದ್ಯಮಿ, ತಂದೆ ನ್ಯೂಯಾರ್ಕಿನ ಮೇಯರ್ ಆಗಿದ್ದವರು. ಹಣದ ಚಿಂತೆಯಿಲ್ಲದ ಮನುಷ್ಯ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕಟ್ಟಡದ ಗೋಪುರದಲ್ಲಿ ಸ್ವಂತ ಪ್ರಯೋಗಶಾಲೆ ಇಟ್ಟುಕೊಂಡು ವರ್ಷಗಟ್ಟಲೆ ಕೊಳವೆಗಳೊಡನೆ ಹೆಣಗಿ, 1901ರಲ್ಲಿ ದೀಪದ ಪೇಟೆಂಟುಗಳನ್ನು ಪಡೆದನು.

ಅವನ ದೀಪ ನೋಡಲು ಸರಳ. ಸುಮಾರು 2.5 ಸೆಂಟಿಮೀಟರ್ ದಪ್ಪ, ಒಂದು ಮೀಟರಿಗಿಂತ ತುಸು ಹೆಚ್ಚು ಉದ್ದದ ಗಾಜಿನ ಕೊಳವೆ. ಅದರೊಳಗಿನ ಗಾಳಿಯನ್ನೆಲ್ಲ ತೆಗೆದಿರುತ್ತದೆ. ಒಂದು ತುದಿಯಲ್ಲಿ ಕಬ್ಬಿಣದ ಧನ ವಿದ್ಯುದಗ್ರ. ಇನ್ನೊಂದು ತುದಿ ಉಬ್ಬಿ ಬುರುಡೆಯಂತಾಗಿದ್ದು, ಅದರ ತಳದಲ್ಲಿ ಸ್ವಲ್ಪ ಪಾದರಸ. ಅದೇ ಋಣ ವಿದ್ಯುದಗ್ರ. ಕೊಳವೆಯನ್ನು ತುಸು ಓರೆಯಾಗಿ, ಪಾದರಸದ ತುದಿ ಕೆಳಗಿರುವಂತೆ ಚಾವಣಿಯಿಂದ ತೂಗುಹಾಕುತ್ತಿದ್ದರು.

ಹೊತ್ತಿಸುವ ಕ್ರಮವೇ ಸ್ವಾರಸ್ಯದ್ದು. ಕೆಲಸಗಾರನು ಸರಪಳಿಯೊಂದನ್ನು ಜಗ್ಗಿ ಕೊಳವೆಯನ್ನು ವಾಲಿಸುತ್ತಿದ್ದನು. ಪಾದರಸ ಸಣ್ಣ ಎಳೆಯಾಗಿ ಹರಿದು ಎರಡು ತುದಿಗಳನ್ನು ಕೂಡಿಸುತ್ತಿತ್ತು. ಅದರ ಮೂಲಕ ವಿದ್ಯುತ್ತು ಹರಿಯತೊಡಗುತ್ತಿತ್ತು. ಸರಪಳಿ ಬಿಟ್ಟಾಗ ಕೊಳವೆ ಮೊದಲಿನ ಸ್ಥಿತಿಗೆ ಬಂದು ಪಾದರಸದ ಎಳೆ ತುಂಡಾಗುತ್ತಿತ್ತು. ತುಂಡಾದ ಜಾಗದಲ್ಲಿ ಕಿಡಿ ಎದ್ದು, ಪಾದರಸ ಆವಿಯಾಗಿ, ಆ ಆವಿಯೇ ವಿದ್ಯುತ್ತಿನ ದಾರಿಯಾಗಿ ಕೊಳವೆಯುದ್ದಕ್ಕೂ ಬೆಳಕು ತುಂಬುತ್ತಿತ್ತು. ಆವಿ ತುದಿಯ ಬುರುಡೆಯಲ್ಲಿ ತಣಿದು ಹನಿಯಾಗಿ ಮತ್ತೆ ಕೊಳಕ್ಕೆ ಇಳಿಯುತ್ತದೆ. ಬುರುಡೆಯ ಅಳತೆಯಲ್ಲೇ ಹೆವಿಟ್ಟನ ಜಾಣ್ಮೆ ಇರುವುದು. ಅದು ಚಿಕ್ಕದಾದರೆ ಆವಿ ತಣಿಯದೆ ಒತ್ತಡ ಏರಿ ದೀಪ ಹದಗೆಡುತ್ತದೆ. ತೀರ ದೊಡ್ಡದಾದರೆ ಆವಿ ಸಾಲದೆ ಬೆಳಕು ಕುಗ್ಗುತ್ತದೆ. ಕಾರ್ಬನ್ ತಂತಿಯ ಬಲ್ಬಿನಲ್ಲಿ ತಂತಿ ಸವೆದು ಒಂದು ದಿನ ತುಂಡಾಗುತ್ತಿತ್ತು. ಇಲ್ಲಿ ಸವೆಯಲು ತಂತಿಯೇ ಇಲ್ಲ. ಆವಿಯಾದ ಪಾದರಸ ತಾನೇ ಮರಳಿ ಬರುತ್ತದೆ.

ಪಾದರಸದ ಮೇಲ್ಮೈ ವಿದ್ಯುತ್ತನ್ನು ಸುಲಭವಾಗಿ ಹೊರಬಿಡುವುದಿಲ್ಲ ಎಂಬುದನ್ನು ಹೆವಿಟ್ ಗಮನಿಸಿದನು. ಆ ಮೊದಲ ಮೊಂಡುತನ ಒಮ್ಮೆ ಮುರಿದರೆ, ಕೊಳದ ಮೇಲೆ ಕಣ್ಣು ಕುಕ್ಕುವ ಚುಕ್ಕೆಯೊಂದು ಹುಟ್ಟಿ ಅತ್ತಿತ್ತ ಕುಣಿಯುತ್ತದೆ; ವಿದ್ಯುತ್ತು ಹೊರಡುವುದು ಆ ಚುಕ್ಕೆಯಿಂದ. ಪ್ರವಾಹ ಅರೆಕ್ಷಣ ನಿಂತರೂ ಚುಕ್ಕೆ ಸಾಯುತ್ತದೆ, ದೀಪ ಆರುತ್ತದೆ. ಇನ್ನೊಂದು ತೊಡಕೂ ಇತ್ತು. ತಂತಿಯಲ್ಲಿ ಪ್ರವಾಹ ಹೆಚ್ಚಬೇಕಾದರೆ ವೋಲ್ಟೇಜು ಹೆಚ್ಚಬೇಕು. ಆವಿಯಲ್ಲಿ ಇದು ತಿರುವುಮುರುವು: ಪ್ರವಾಹ ಹೆಚ್ಚಿದಷ್ಟೂ ದಾರಿ ಇನ್ನಷ್ಟು ಸಲೀಸಾಗುತ್ತದೆ, ಪ್ರವಾಹ ಮತ್ತೂ ಏರುತ್ತದೆ. ಕಡಿವಾಣವಿಲ್ಲದಿದ್ದರೆ ಕೊಳವೆ ಒಡೆಯುವುದೇ ಸರಿ. ಆದ್ದರಿಂದ ದೀಪದೊಡನೆ ಒಂದು ತಂತಿಸುರುಳಿಯನ್ನೂ ಒಂದು ರೋಧಕವನ್ನೂ ಸೇರಿಸಿ ಪ್ರವಾಹವನ್ನು ಸುಮಾರು 3.5 ಆಂಪಿಯರಿಗೆ ನಿಲ್ಲಿಸುತ್ತಿದ್ದರು. ಆ ಸುರುಳಿಯ ವಂಶದ ಕುಡಿಯೇ ನಮ್ಮ ಟ್ಯೂಬ್‌ಲೈಟಿನ ಗುಂಯ್‌ಗುಡುವ ‘ಚೋಕು’.

ಚುಕ್ಕೆ ಆರಬಾರದೆಂದರೆ ದಿಕ್ಕು ಬದಲಿಸದ ಡಿ.ಸಿ. ಪ್ರವಾಹವೇ ಬೇಕು. ಹೆವಿಟ್ ತನ್ನ ದೀಪವನ್ನು ಮಾರಲು ತೊಡಗಿದ್ದ ಕಾಲಕ್ಕೆ, 1902ರಲ್ಲಿ, ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಶಿವನಸಮುದ್ರದ್ದು ಸೆಕೆಂಡಿಗೆ 25 ಆವರ್ತದ ಎ.ಸಿ. ಪ್ರವಾಹ. ಅಂದರೆ ಸೆಕೆಂಡಿಗೆ 50 ಬಾರಿ ಅದು ಸೊನ್ನೆಗೆ ಇಳಿಯುತ್ತದೆ. ಹೆವಿಟ್ಟನ ಸರಳ ಕೊಳವೆಯನ್ನು ನೇರವಾಗಿ ಅದಕ್ಕೆ ಜೋಡಿಸಿದ್ದರೆ ಮೊದಲ ಸೊನ್ನೆಯಲ್ಲೇ ನಂದುತ್ತಿತ್ತು. ಈ ತೊಡಕನ್ನು ಬಿಡಿಸಲು ಅವನು ಒಂದೇ ಪಾದರಸದ ಕೊಳಕ್ಕೆ ಎರಡು ಧನಾಗ್ರಗಳನ್ನು ಕೊಟ್ಟು, ಒಂದು ಸುಮ್ಮನಾದಾಗ ಇನ್ನೊಂದು ಕೆಲಸ ಮಾಡುವಂತೆ ಮಾಡಿದನು. ಹಾಗೆ ಎ.ಸಿ.ಯನ್ನು ಡಿ.ಸಿ. ಮಾಡುವ ಪಾದರಸದ ರೆಕ್ಟಿಫೈಯರ್ ಹುಟ್ಟಿತು. ದೀಪಕ್ಕಿಂತ ಅದೇ ಹೆಚ್ಚು ಕಾಲ ಬಾಳಿ, ವಿದ್ಯುತ್ ರೈಲುಗಳಿಂದ ಹಿಡಿದು ಚಿತ್ರಮಂದಿರದ ಪ್ರೊಜೆಕ್ಟರಿನವರೆಗೆ ದುಡಿಯಿತು.

ಇನ್ನು ಬಣ್ಣದ ಮಾತು. ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದರೆ ನೇರಳೆಯಿಂದ ಕೆಂಪಿನವರೆಗೆ ಬಿಡುವಿಲ್ಲದ ಪಟ್ಟಿ ಕಾಣುತ್ತದೆ. ಪಾದರಸದ ಬೆಳಕಿನಲ್ಲಿ ಪಟ್ಟಿಯೇ ಇಲ್ಲ; ಕತ್ತಲ ನಡುವೆ ಬಿಡಿಬಿಡಿ ಗೆರೆಗಳು ಮಾತ್ರ. 405 ನ್ಯಾನೊಮೀಟರಿನ ಬಳಿ ನೇರಳೆ, 436ರ ಬಳಿ ಊದಾನೀಲಿ, 546ರಲ್ಲಿ ಹಸಿರು, 577 ಮತ್ತು 579ರಲ್ಲಿ ಜೋಡಿ ಹಳದಿ. ಕೆಂಪು ಇಲ್ಲವೆಂದರೂ ಸಲ್ಲುತ್ತದೆ. ಬೆಳಕಿನಲ್ಲಿ ಕೆಂಪೇ ಇಲ್ಲದಿದ್ದರೆ ಕೆಂಪು ವಸ್ತು ಕಣ್ಣಿಗೆ ಹಿಂತಿರುಗಿಸಲು ಏನೂ ಇರುವುದಿಲ್ಲ. ನಮ್ಮ ಊರಿನ ವ್ಯಾಪಾರದ ಲೆಕ್ಕದಲ್ಲಿ ಹೇಳುವುದಾದರೆ, ಈ ದೀಪದಡಿ ಒಣಮೆಣಸಿನಕಾಯಿಯ ರಾಶಿ ಕಪ್ಪಿಡುತ್ತದೆ. ಶೇಂಗಾಬೀಜದ ಸಿಪ್ಪೆಯ ಕೆಂಪು ಮಾಯವಾಗುತ್ತದೆ. ಹತ್ತಿಯ ಬಿಳುಪನ್ನು ನೋಡಿ ದರ ಕಟ್ಟುವವನು ಬೆಳಗಾಗುವವರೆಗೆ ಕಾಯುವುದೇ ಲೇಸು.

ಆದರೂ ಅದೇ ವಿದ್ಯುತ್ತಿಗೆ ಕಾರ್ಬನ್ ತಂತಿಯ ದೀಪಕ್ಕಿಂತ ಹಲವು ಪಟ್ಟು ಬೆಳಕು ಕೊಡುತ್ತಿದ್ದುದರಿಂದ ಕಾರ್ಖಾನೆಗಳು ಅದನ್ನು ಬರಮಾಡಿಕೊಂಡವು. ಉದ್ದ ಕೊಳವೆಯಾದ್ದರಿಂದ ನೆರಳೂ ಮೃದು. ಕೂಲಿಗೆ ಬಂದವರ ಮುಖ ಹೆಣದಂತೆ ಕಂಡರೆ ಮಾಲೀಕರಿಗೇನು ನಷ್ಟ? ಮೂಕಿ ಚಿತ್ರಗಳ ಸ್ಟುಡಿಯೋಗಳೂ ಒಲಿದವು. ಅಂದಿನ ಫಿಲ್ಮಿಗೆ ಕೆಂಪು ಹೇಗೂ ಕಾಣುತ್ತಿರಲಿಲ್ಲ, ನೀಲಿ ಚೆನ್ನಾಗಿ ಹತ್ತುತ್ತಿತ್ತು. ಮನೆಗಳು ಮಾತ್ರ ಒಪ್ಪಲಿಲ್ಲ. ಹಸಿರು ಬೆಳಕನ್ನು ಹೀರಿ ಕೆಂಪು ಸೂಸುವ ಬಣ್ಣವನ್ನು ಬಳಿದ ಪ್ರತಿಫಲಕವನ್ನು ಹೆವಿಟ್ ಮಾಡಿ ನೋಡಿದನು. ಅದೂ ಜನರ ಮನಸ್ಸನ್ನು ಬದಲಿಸಲಿಲ್ಲ.

ಈ ನಡುವೆ ಜರ್ಮನಿಯ ಹನಾವು ಪಟ್ಟಣದಲ್ಲಿ ರಿಚರ್ಡ್ ಕ್ಯೂಖ್ ಎಂಬವನು ಬೆಣಚುಕಲ್ಲಿನ ಹರಳನ್ನು ಕರಗಿಸಿ ಮಾಡಿದ ಕ್ವಾರ್ಟ್ಸ್ ಗಾಜಿನಲ್ಲಿ ಪಾದರಸ ದೀಪವನ್ನು ರೂಪಿಸಿದನು. ಕ್ವಾರ್ಟ್ಸ್ ಬಹಳ ಕಾವನ್ನು ತಡೆಯುತ್ತದೆ. ಹಾಗಾಗಿ ಗಿಡ್ಡ ಕೊಳವೆಯಲ್ಲಿ ಹೆಚ್ಚು ಒತ್ತಡದ ಆವಿಯಿಂದ ಅತಿ ಪ್ರಖರ ಬೆಳಕನ್ನು ಪಡೆಯುವುದು ಸಾಧ್ಯವಾಯಿತು. ಸಾಧಾರಣ ಗಾಜು ತಡೆಯುವ ನೇರಳಾತೀತ ಕಿರಣಗಳನ್ನೂ ಅದು ಹೊರಬಿಡುತ್ತದೆ. ಆಸ್ಪತ್ರೆಗಳಿಗೂ ಪ್ರಯೋಗಶಾಲೆಗಳಿಗೂ ಇಂಥ ದೀಪಗಳು ಹೋದವು.

ಅಂಥದೊಂದು ಕ್ವಾರ್ಟ್ಸ್ ದೀಪ ಕಲ್ಕತ್ತೆಯ ಬೌಬಜಾರ್ ಬೀದಿಯ ಇಂಡಿಯನ್ ಅಸೋಸಿಯೇಷನ್‌ನಲ್ಲಿ ಸಿ. ವಿ. ರಾಮನ್ ಮತ್ತು ಅವರ ಸಹಾಯಕ ಕೆ. ಎಸ್. ಕೃಷ್ಣನ್ ಅವರ ಬಳಿ ಇತ್ತು. ಅವರು ಮೊದಲು ನೋಡುತ್ತಿದ್ದುದು ಬಿಸಿಲಿನಲ್ಲಿ. ಊದಾ ಬಣ್ಣವನ್ನು ಮಾತ್ರ ಬಿಡುವ ಗಾಜಿನ ಮೂಲಕ ಬಿಸಿಲನ್ನು ದ್ರವದೊಳಗೆ ಹಾಯಿಸಿ, ಚದರಿದ ಬೆಳಕನ್ನು ಹಸಿರು ಗಾಜಿನಿಂದ ನೋಡಿದರು. ಏನೂ ಕಾಣಬಾರದಿತ್ತು, ಆದರೂ ಮಸುಕಾದ ಹೊಳಪಿತ್ತು. ಬೆಳಕಿನ ಒಂದು ಅಂಶ ದ್ರವದ ಅಣುಗಳನ್ನು ತಾಕಿ ಬಣ್ಣ ಬದಲಿಸಿಕೊಂಡಿತ್ತು. ಸುಮಾರು 60 ದ್ರವಗಳಲ್ಲಿ ಇದೇ ಕಂಡಿತು. ಆದರೆ ಎಷ್ಟು ಬದಲಾಯಿತೆಂದು ಅಳೆಯುವುದು ಹೇಗೆ? ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಒತ್ತೊತ್ತಾಗಿವೆ. ಜಾತ್ರೆ ನೆರೆದ ಬಯಲಿನಲ್ಲಿ ಹೊಸಬನ ಹೆಜ್ಜೆಯನ್ನು ಗುರುತಿಸಲಾಗದು. ಮಳೆ ನಿಂತ ಎರೆಹೊಲದಲ್ಲಿ ಒಂದು ಹೆಜ್ಜೆಯೂ ಎದ್ದು ಕಾಣುತ್ತದೆ. ಪಾದರಸದ ರೋಹಿತವೇ ಆ ಎರೆಹೊಲ. 436ರ ಊದಾನೀಲಿ ಗೆರೆಗಿಂತ ಉದ್ದ ಅಲೆಯ ಗೆರೆಗಳನ್ನೆಲ್ಲ ಸೋಸಿ ತೆಗೆದು ದ್ರವದೊಳಗೆ ಹಾಯಿಸಿದಾಗ, ಕತ್ತಲಿರಬೇಕಾದ ಜಾಗದಲ್ಲಿ ಹೊಸ ಗೆರೆಗಳು ಸ್ಪಷ್ಟವಾಗಿ ನಿಂತವು. 1928ರ ಫೆಬ್ರವರಿ ಕೊನೆಯ ಆ ಶೋಧವೇ ರಾಮನ್ ಪರಿಣಾಮ. ಅದೇ ದಿನಗಳಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಕ್ವಾರ್ಟ್ಸ್ ಹರಳಿನಲ್ಲಿ ಇಂಥದೇ ಗೆರೆಗಳನ್ನು ಕಂಡರು. ಅವರ ಕೈಯಲ್ಲಿದ್ದುದೂ ಪಾದರಸ ದೀಪವೇ.

ರಾಮನ್ನರು ಇದನ್ನು ವಿದ್ವಾಂಸರ ಮುಂದೆ ವಿವರವಾಗಿ ಬಿಚ್ಚಿಟ್ಟದ್ದು 1928ರ ಮಾರ್ಚ್ 16ರಂದು, ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ‘ಒಂದು ಹೊಸ ವಿಕಿರಣ’ ಎಂಬುದು ಆ ಉಪನ್ಯಾಸದ ಶೀರ್ಷಿಕೆಯ ಅರ್ಥ. ಆಗ ನಮ್ಮ ಆದವಾನಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಕರ್ನೂಲಿಗೆ ಸೇರುವುದಕ್ಕೆ 1953ರ ಅಕ್ಟೋಬರ್ ಬರಬೇಕಿತ್ತು. ನಮ್ಮ ಶಾಲೆ ಇನ್ನೂ ಎಳೆಯದು. 1930ರಲ್ಲಿ ರಾಮನ್ನರಿಗೆ ನೊಬೆಲ್ ಬಂತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ಪಾದರಸ ದೀಪದ ಕೆಲಸ ಅಲ್ಲಿ ಇನ್ನೂ ಸೂಕ್ಷ್ಮವಾಯಿತು.

1940ರ ದಶಕದಲ್ಲಿ ಅಲ್ಲಿ ಆರ್. ಎಸ್. ಕೃಷ್ಣನ್ ಅವರು ವಜ್ರ, ಕಲ್ಲುಪ್ಪು ಮೊದಲಾದ ಹರಳುಗಳನ್ನು ಪರೀಕ್ಷಿಸಲು ಪಾದರಸದ 253.7 ನ್ಯಾನೊಮೀಟರಿನ ನೇರಳಾತೀತ ಗೆರೆಯನ್ನು ಆಯ್ದುಕೊಂಡರು. ಈ ಗೆರೆಗೆ ಒಂದು ವಿಚಿತ್ರ ಗುಣ: ಅದನ್ನು ಹೊರಸೂಸುವ ಪಾದರಸದ ಆವಿಯೇ ಅದನ್ನು ನುಂಗಿಯೂ ಬಿಡುತ್ತದೆ. ದೀಪ ಬಿಸಿಯಾದರೆ ಗೆರೆ ಹೊರಗೇ ಬಾರದು. ಅದಕ್ಕಾಗಿ ದೀಪವನ್ನು ನೀರಿನಿಂದ ತಣಿಸಿ, ಅಯಸ್ಕಾಂತದಿಂದ ಉರಿಯನ್ನು ಕೊಳವೆಯ ಗೋಡೆಗೆ ಒತ್ತಿ ಹಿಡಿದರು. ಆಗ ಬೆಳಕು ದಪ್ಪ ಆವಿಯನ್ನು ದಾಟಬೇಕಾಗಲಿಲ್ಲ. ಹರಳಿನಿಂದ ಚದರಿ ಬಂದ ಬೆಳಕಿನ ದಾರಿಯಲ್ಲಿ ಮತ್ತೆ ಪಾದರಸದ ಆವಿಯನ್ನೇ ಇಟ್ಟರು. ಬದಲಾಗದ ಪ್ರಖರ ಬೆಳಕನ್ನು ಅದು ನುಂಗಿತು, ಬದಲಾದ ನಸುಗೆರೆಗಳು ಮಾತ್ರ ಫೋಟೋ ಫಲಕಕ್ಕೆ ಬಂದವು. ಒಂದೇ ಪದಾರ್ಥವನ್ನು ದೀಪವಾಗಿಯೂ ಜರಡಿಯಾಗಿಯೂ ದುಡಿಸಿಕೊಂಡ ಈ ಉಪಾಯವನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. 1960ರಲ್ಲಿ ಲೇಸರ್ ಬಂದ ಬಳಿಕ ಈ ಕೆಲಸದಿಂದ ಪಾದರಸ ದೀಪ ಕ್ರಮೇಣ ನಿವೃತ್ತವಾಯಿತು.

ಅದೇ 253.7ರ ಗೆರೆ ನಮ್ಮ ತರಗತಿಗಳ ಟ್ಯೂಬ್‌ಲೈಟುಗಳಲ್ಲೂ ಇದೆ. 1938ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಆ ದೀಪ ಹೆವಿಟ್ಟನ ಕೊಳವೆಯ ನೇರ ಸಂತಾನ: ಕಡಿಮೆ ಒತ್ತಡದ ಪಾದರಸದ ಆವಿ ಕಣ್ಣಿಗೆ ಕಾಣದ ಆ ಕಿರಣವನ್ನು ಸೂಸುತ್ತದೆ, ಒಳಗೋಡೆಗೆ ಬಳಿದ ಬಿಳಿಯ ಪುಡಿ ಅದನ್ನು ಹೀರಿ ಕಾಣುವ ಬೆಳಕಾಗಿ ಬದಲಿಸುತ್ತದೆ. ಕೆಂಪನ್ನು ಮರಳಿ ಕೊಟ್ಟದ್ದು ಆ ಪುಡಿ. ಮನೆಗಳು ಪಾದರಸವನ್ನು ಕೊನೆಗೂ ಒಳಗೆ ಬಿಟ್ಟುಕೊಂಡದ್ದು ಈ ವೇಷದಲ್ಲಿ. ಬೀದಿಯ ಮರ್ಕ್ಯುರಿ ದೀಪ 1930ರ ದಶಕದಲ್ಲಿ ರೂಪುಗೊಂಡ ಇನ್ನೊಂದು ಕವಲು. ಅದರೊಳಗಿನ ಚಿಕ್ಕ ಕೊಳವೆಯಲ್ಲಿ ಆವಿಯ ಒತ್ತಡ ಹೆಚ್ಚು. ಕಾದ ಸ್ಥಿತಿಯಲ್ಲಿ ಆ ಒತ್ತಡವನ್ನು ಭೇದಿಸಿ ಕಿಡಿ ಹುಟ್ಟಿಸಲು ನಮ್ಮ ಮನೆ-ಬೀದಿಗಳ ವೋಲ್ಟೇಜು ಸಾಲದು. ಕರೆಂಟು ಹೋಗಿ ಬಂದಾಗ ಅದು ಮುನಿಸಿಕೊಳ್ಳುತ್ತಿದ್ದುದರ ಗುಟ್ಟು ಇಷ್ಟೇ.

ಈಗ ಎರಡೂ ಕವಲುಗಳು ಎಲ್‌ಇಡಿಗೆ ಜಾಗ ಬಿಡುತ್ತಿವೆ. ಪಾದರಸ ವಿಷವೆಂಬುದು ಅದಕ್ಕೆ ಒಂದು ಕಾರಣ. ಜಪಾನಿನ ಮಿನಮಾಟದಲ್ಲಿ ಪಾದರಸ ಬೆರೆತ ಮೀನು ತಿಂದು ನರಳಿದವರ ನೆನಪಿನಲ್ಲಿ ಹೆಸರಿಸಲಾದ 2013ರ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು. ಬೀದಿಯ ಹಳೆಯ ಮರ್ಕ್ಯುರಿ ದೀಪಗಳ ತಯಾರಿಕೆಗೆ ಆ ಒಪ್ಪಂದ 2020ರ ಗಡುವು ವಿಧಿಸಿತ್ತು. ಆದರೆ ಹಳೆಯ ಕಟ್ಟಡಗಳ ಉಗ್ರಾಣಗಳಲ್ಲಿ ಕೆಟ್ಟುಹೋದ ಟ್ಯೂಬುಗಳು ಮೂಲೆಗೆ ಒರಗಿಕೊಂಡು ಇನ್ನೂ ನಿಂತಿರುತ್ತವೆ. ಅಂಥದೊಂದು ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ಬಾಗಿಲು ತೆರೆದು ಸ್ವಲ್ಪ ಹೊತ್ತು ಬಿಡಬೇಕು. ಪೊರಕೆಯಿಂದ ಗುಡಿಸಬಾರದು; ಚೂರುಗಳನ್ನು ಗಟ್ಟಿ ಕಾಗದದಿಂದ ಎತ್ತಿ, ಪುಡಿಯನ್ನು ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಗಾಜಿನ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಮನೆಯ ಕಸದಿಂದ ಬೇರೆಯಾಗಿ ಕೊಡಬೇಕು.