ಕಡಲಂಚಿನ ಕಾವಲು
ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ 1850ರ ಚಂಡಮಾರುತವೊಂದು ಮರಳನ್ನು ಸರಿಸಲು, ಸುಮಾರು 5000 ವರ್ಷಗಳ ಹಿಂದಿನ ಸ್ಕಾರಾ ಬ್ರೇ ಎಂಬ ನವಶಿಲಾಯುಗದ ಊರು ಗೋಚರವಾಯಿತು. ಅದನ್ನು ಬಯಲುಮಾಡಿದ ಕಡಲೇ ಕಬಳಿಸಲೂ ಬಲ್ಲುದು. 1924ರ ಬಿರುಗಾಳಿಯಲ್ಲಿ ಮನೆಯೊಂದರ ಭಾಗ ಕೊಚ್ಚಿಹೋಗಲು, ತಡೆಗೋಡೆ ಕಟ್ಟಬೇಕಾಯಿತು.

ಹವಾಮಾನದ ವ್ಯತ್ಯಾಸದಿಂದ ಸಮುದ್ರಮಟ್ಟವೇರುತ್ತಿರುವ ಇಂದು ತೀರದುದ್ದಕ್ಕೂ ಗೋಡೆ ಕಟ್ಟುವುದು ಅಸಾಧ್ಯ. ಆದುದರಿಂದ 2012ರಿಂದ 2016ರವರೆಗೆ, ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾನಿಲಯದ ವಿದ್ವಾಂಸರೊಡನೆ ಸ್ಕಾಟ್ಲೆಂಡಿನ ಜನಸಾಮಾನ್ಯರೇ ಕೊರೆತಕ್ಕೀಡಾದ ನೆಲೆಗಳನ್ನು ನಡೆದು ನೋಡಿ, ಛಾಯಾಚಿತ್ರ ತೆಗೆದು, ವಿವರ ದಾಖಲಿಸಿದರು. ಯಾವ ನೆಲೆಗೆ ಮೊದಲು ಗಮನ ಕೊಡಬೇಕೆಂಬುದಕ್ಕೆ ಅದೇ ಆಧಾರವಾಯಿತು.

ವಿದ್ವಾಂಸನು ವರ್ಷಕ್ಕೊಮ್ಮೆ ಬಂದಾನು. ಬಿರುಗಾಳಿಯ ಮರುದಿನ ದಡದಲ್ಲಿರುವವನು ಊರಿನವನೇ. ಕಲ್ಲುಗಳೆಲ್ಲ ಉಳಿಯಲಾರವು, ಅವುಗಳ ಚರಿತ್ರೆ ಉಳಿಯುವುದಾದರೆ ಅವನ ಕಣ್ಣಿನಿಂದಲೇ.