ಗದ್ದೆಯಿಂದ ಕರೆಗೆ: ಕಂಬಳ ನಡೆದು ಬಂದ ದಾರಿ

ತುಳುನಾಡಿನ ಹಿರಿಯರಿಗೆ ಕಂಬಳವೆಂದರೆ ಬರಿಯ ಆಟವಾಗಿರಲಿಲ್ಲ. ಏಣೆಲು ಬೆಳೆ ಕೊಯ್ದು ಅಂಗಳ ಸೇರಿದ ಮೇಲೆ ಗುತ್ತು, ಬೀಡುಗಳ ದೊಡ್ಡ ಗದ್ದೆಯಲ್ಲಿ ಕೋಣಗಳನ್ನು ಓಡಿಸುವುದು ಬೇಸಾಯದ ಅಂಗವೂ ದೈವದ ಸೇವೆಯೂ ಆಗಿತ್ತು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದಂದಿನಿಂದ 1956ರ ತನಕ ಕಾಸರಗೋಡು ಮಂಗಳೂರಿನೊಡನೆ ಒಂದೇ ಆಡಳಿತದಲ್ಲಿತ್ತು. ಜನರ ಬೇಸಾಯ, ಭೂತಾರಾಧನೆ, ಆಟ ಎಲ್ಲವೂ ಒಂದೇ ರೀತಿಯದಾಗಿದ್ದವು. ಉಳುವ ಕೋಣವೇ ಓಡುವ ಕೋಣ. ಗೆದ್ದವರಿಗೆ ಸಿಗುತ್ತಿದ್ದುದು ತೆಂಗಿನಕಾಯಿ, ಬಾಳೆಗೊನೆ.

ಈ ವೈಭವಕ್ಕೆ ಇನ್ನೊಂದು ಮುಖವೂ ಇತ್ತು. ಗದ್ದೆ ಧನಿಗಳದ್ದು, ಬೆವರು ಒಕ್ಕಲಿನವರದ್ದು. ಕಂಬಳಕ್ಕೆ ಮುಂಚೆ ಕೊರಗರನ್ನು ಕೋಣಗಳಂತೆ ಗದ್ದೆಯಲ್ಲಿ ಓಡಿಸುವ ಕ್ರಮವಿತ್ತು. ಇಂಥ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ ಕಾಯ್ದೆ ಮಾಡಿ ನಿಷೇಧಿಸಿದ್ದು 2000ದಲ್ಲಿ. ಅಷ್ಟು ತಡವಾಯಿತೆಂಬುದನ್ನು ಮರೆಯಬಾರದು.

1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಕರ್ನಾಟಕದಲ್ಲಿ 1974ರ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯನಾದ. ಗುತ್ತಿನ ಗದ್ದೆಗಳು ಹಂಚಿಹೋದವು. ಅನೇಕ ಕಡೆ ಬತ್ತದ ಜಾಗದಲ್ಲಿ ಅಡಿಕೆ, ರಬ್ಬರ್ ಬಂದವು. ಉಳುಮೆಗೆ ಟಿಲ್ಲರ್ ಬಂದು ಕೋಣಕ್ಕೆ ಕೆಲಸವಿಲ್ಲದಾಯಿತು. ಆಗ ಊರಿನ ಸಮಿತಿಗಳು ಜೋಡುಕರೆ ಕಟ್ಟಿ, ವಿದ್ಯುದ್ದೀಪ ಹಾಕಿ, ಚಿನ್ನದ ಬಹುಮಾನವಿಟ್ಟು ಕಂಬಳವನ್ನು ಕ್ರೀಡೆಯಾಗಿ ನಡೆಸಿದವು. ಈಗ ಓಟಕ್ಕೆಂದೇ ಕೋಣ ಸಾಕುತ್ತಾರೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶದೆಲ್ಲೆಡೆ ಹಬ್ಬಿತು.

2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ವಿಷಯದಲ್ಲಿ ಕೊಟ್ಟ ತೀರ್ಪಿನಿಂದ ಕಂಬಳಕ್ಕೂ ಕುತ್ತು ಬಂತು. ಬಳಿಕ ಕರ್ನಾಟಕ ಮಾಡಿದ ತಿದ್ದುಪಡಿಯನ್ನು ಅದೇ ನ್ಯಾಯಾಲಯ 2023ರ ಮೇ 18ರಂದು ಎತ್ತಿಹಿಡಿಯಿತು. ಆದರೆ ಆ ತಿದ್ದುಪಡಿಯ ವ್ಯಾಪ್ತಿ ತಲಪಾಡಿ ಗಡಿಗೆ ಮುಗಿಯುತ್ತದೆ. ಗಡಿಯ ಎರಡು ಬದಿಗಳಲ್ಲೂ ದೈವ ಒಂದೇ, ಕೋಣ ಒಂದೇ, ಕಾನೂನು ಮಾತ್ರ ಬೇರೆ.

1947ರ ಮದ್ರಾಸು ದೇವಾಲಯ ಪ್ರವೇಶ ಕಾಯ್ದೆ ದೇವಾಲಯದ ಬಾಗಿಲನ್ನು ಎಲ್ಲ ಹಿಂದೂಗಳಿಗೂ ತೆರೆಯಿತು. ಕಂಬಳದ ಕರೆಯೂ ಹಾಗೆಯೇ ಆಗಬೇಕು. ಕೋಣಕ್ಕೆ ನೋವಿಲ್ಲದೆ, ಮನುಷ್ಯನಿಗೆ ಅವಮಾನವಿಲ್ಲದೆ ನಡೆದರೆ ಮಾತ್ರ ಅದು ದೈವ ಮೆಚ್ಚುವ ಸೇವೆ. ಹಿರಿಯರಿಂದ ಬಂದುದರಲ್ಲಿ ಉಳಿಸಬೇಕಾದ್ದನ್ನು ಉಳಿಸಿ, ಬಿಡಬೇಕಾದ್ದನ್ನು ಬಿಡುವುದೇ ಮುಂದಿನವರ ಧರ್ಮ.