ದುಡ್ಡು ಕೊಟ್ಟು ಕೊಂಡ ಹಾಡನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ತಪ್ಪಾ? ಕಾನೂನು ಹೇಳೋದಿಷ್ಟು

ಜಾತ್ರೆಯಲ್ಲಿ ಕೊಂಡ ಭಕ್ತಿಗೀತೆ ಸಿಡಿ, ಅಪ್ಪನ ಕಾಲದ ಕ್ಯಾಸೆಟ್‌ಗಳು ಈಗಲೂ ಹಲವರ ಮನೆಯಲ್ಲಿವೆ. ಆದ್ರೆ ಪ್ಲೇಯರ್ ಕೆಟ್ಟಿರುತ್ತೆ, ಹೊಸ ಕಾರಿನಲ್ಲಿ ಸಿಡಿ ಹಾಕುವ ಜಾಗವೇ ಇರಲ್ಲ. ಅದೇ ಹಾಡನ್ನು ಪೆನ್‌ಡ್ರೈವ್‌ಗೋ ಮೊಬೈಲ್‌ಗೋ ಹಾಕಿಕೊಳ್ಳಬಹುದಾ? ಅಂಗಡಿಯವರು ಹಾಕಿಕೊಟ್ಟರೆ? ಸ್ವಂತಕ್ಕೆ ಆದರೆ ಕಾನೂನಿನ ರಕ್ಷಣೆ ಇದೆ. ವ್ಯಾಪಾರಕ್ಕೆ ಆದರೆ ಅಪರಾಧ.

ಗ್ರಾಹಕರಿಗೆ ಇರುವ ಹಕ್ಕು

1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 52(1)(ಎ) ಪ್ರಕಾರ, ಖಾಸಗಿ ಅಥವಾ ವೈಯಕ್ತಿಕ ಬಳಕೆಗಾಗಿ ಕೃತಿಯನ್ನು ನ್ಯಾಯಯುತವಾಗಿ ಉಪಯೋಗಿಸಿದರೆ ಅದು ಉಲ್ಲಂಘನೆ ಅಲ್ಲ. ಮೊದಲು ಈ ವಿನಾಯಿತಿಯಲ್ಲಿ ಸಾಹಿತ್ಯ, ನಾಟಕ, ಸಂಗೀತ ಮತ್ತು ಕಲಾಕೃತಿಗಳಷ್ಟೇ ಇದ್ದವು. ಧ್ವನಿಮುದ್ರಣದ ಹೆಸರು ಇರಲಿಲ್ಲ. 2012ರ ತಿದ್ದುಪಡಿಯಲ್ಲಿ ಅದನ್ನು 'ಯಾವುದೇ ಕೃತಿ' ಎಂದು ಬದಲಾಯಿಸಲಾಯಿತು. ಕಂಪ್ಯೂಟರ್ ಪ್ರೋಗ್ರಾಂ ಮಾತ್ರ ಇದರಿಂದ ಹೊರಗೆ. ಇಂಥ ಬಳಕೆಗೆ ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟುಕೊಂಡರೂ ತಪ್ಪಲ್ಲ ಎಂಬ ವಿವರಣೆಯೂ ಆಗಲೇ ಸೇರಿತು.

ಎಷ್ಟು ಪ್ರತಿ ಎಂಬ ಲೆಕ್ಕ ಕಾಯ್ದೆಯಲ್ಲಿ ಇಲ್ಲ. ಕಾರಿಗೊಂದು, ಮೊಬೈಲ್‌ಗೊಂದು ಎಂದರೆ ಸ್ವಂತ ಬಳಕೆ. ಗೆಳೆಯರಿಗೆಲ್ಲ ಹಂಚಿದರೆ, ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದರೆ ಸ್ವಂತ ಬಳಕೆ ಅನ್ನಿಸಿಕೊಳ್ಳಲ್ಲ, 'ದುಡ್ಡು ತಗೊಂಡಿಲ್ಲ' ಎಂದರೂ ಅಷ್ಟೇ.

ಅಂಗಡಿಯವರು ಗಮನಿಸಿ

'ಸಿಡಿ ನಂದೇ, ಬಿಲ್ ಇದೆ' ಎಂದುಕೊಂಡು ಅದರ ಹಾಡುಗಳನ್ನು ಮೆಮೊರಿ ಕಾರ್ಡ್‌ಗೆ ತುಂಬಿ ಮಾರುವಂತಿಲ್ಲ. ಒಂದು ಹಾಡಿನಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಎಂದು ಮೂರು ಬೇರೆ ಬೇರೆ ಹಕ್ಕುಗಳಿವೆ. ಸಿಡಿ ಕೊಂಡವರಿಗೆ ಇವು ಯಾವುದೂ ಬರುವುದಿಲ್ಲ.

ಸೆಕ್ಷನ್ 63ರ ಪ್ರಕಾರ ಗೊತ್ತಿದ್ದೂ ಉಲ್ಲಂಘಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಮಾಡಿಲ್ಲ ಎಂದಾದರೆ, ವಿಶೇಷ ಕಾರಣ ಕೊಟ್ಟು ಕೋರ್ಟ್ ಶಿಕ್ಷೆ ಕಡಿಮೆ ಮಾಡಬಹುದು. ಸಬ್ ಇನ್‌ಸ್ಪೆಕ್ಟರ್ ಅಥವಾ ಮೇಲಿನ ದರ್ಜೆಯ ಅಧಿಕಾರಿ ವಾರಂಟ್ ಇಲ್ಲದೆಯೇ ನಕಲು ಪ್ರತಿ ಮತ್ತು ನಕಲು ಮಾಡುವ ಸಾಧನ ಜಪ್ತಿ ಮಾಡಬಹುದು. ಇದು ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಕರ್ನಾಟಕದಲ್ಲಿ ಆಡಿಯೊ, ವಿಡಿಯೊ ಪೈರಸಿ ಮಾಡುವವರು ಗೂಂಡಾ ಕಾಯ್ದೆಯ ವ್ಯಾಪ್ತಿಗೂ ಬರುತ್ತಾರೆ.

ಗ್ರಾಹಕರು ತಮ್ಮದೇ ಸಿಡಿ, ಕ್ಯಾಸೆಟ್ ತಂದು 'ಹಾಕಿಕೊಡಿ' ಎಂದರೆ? ಕೂಲಿ ಪಡೆದು ಹೀಗೆ ಮಾಡಿಕೊಡುವ ಬಗ್ಗೆ ಈ ವಿನಾಯಿತಿಯಲ್ಲಿ ಪ್ರತ್ಯೇಕ ಮಾತಿಲ್ಲ. ಹಾಗಾಗಿ ಎಚ್ಚರ ಬೇಕು. ಅವರ ಸಿಡಿಯಿಂದ ಅವರ ಪೆನ್‌ಡ್ರೈವ್‌ಗೆ ಹಾಕಿ, ಅಂಗಡಿಯ ಕಂಪ್ಯೂಟರಿನಲ್ಲಿ ಪ್ರತಿ ಉಳಿಸಿಕೊಳ್ಳಬೇಡಿ. ಅದೇ ಹಾಡು ಇನ್ನೊಬ್ಬ ಗ್ರಾಹಕರಿಗೆ ಹೋದರೆ ಅದು ಮಾರಾಟವೇ.

ಗೊಂದಲ ಆಗುವ ಕಡೆಗಳು

ಆ್ಯಪ್ ಹಾಡು: ಚಂದಾ ಕಟ್ಟಿ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ್ದು ಖರೀದಿ ಅಲ್ಲ, ಕೇಳಲು ಸಿಕ್ಕ ಅನುಮತಿ. ಸಾಮಾನ್ಯವಾಗಿ ಚಂದಾ ನಿಂತರೆ ಹಾಡೂ ನಿಲ್ಲುತ್ತೆ.

ಡಿಜಿಟಲ್ ಬೀಗ: ನಕಲು ತಡೆಯಲು ಹಾಕಿದ ಬೀಗವನ್ನು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಸೆಕ್ಷನ್ 65ಎ ಅಡಿ 2 ವರ್ಷದವರೆಗೆ ಜೈಲು, ದಂಡವೂ ಇದೆ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ಈ ಸೆಕ್ಷನ್ ಅಡ್ಡಿಯಾಗದು.

ಹಳೇ ಹಾಡು: ಧ್ವನಿಮುದ್ರಣದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. 1960ರ ರೆಕಾರ್ಡ್‌ನ ಅವಧಿ 2020ಕ್ಕೆ ಮುಗಿದಿದೆ. ಆದ್ರೆ ಸಾಹಿತ್ಯ, ಸಂಗೀತದ ಹಕ್ಕು ಸಾಮಾನ್ಯವಾಗಿ ಬರೆದವರು, ರಾಗ ಹಾಕಿದವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. 'ಹಳೇದು, ಯಾರ ಹಕ್ಕೂ ಇಲ್ಲ' ಎಂದು ನಂಬಿ ಮಾರಬೇಡಿ.

ಅಂಗಡಿಯಲ್ಲಿ ಹಾಡು ಹಾಕುವುದು: ಮನೆಯಲ್ಲಿ ಕೇಳಲು ಕೊಂಡ ಹಾಡನ್ನು ಹೋಟೆಲ್, ಅಂಗಡಿಯಲ್ಲಿ ಗಿರಾಕಿಗಳಿಗೆ ಕೇಳಿಸಲು ಬೇರೆ ಪರವಾನಗಿ ಬೇಕು. ಮದುವೆ ಮೆರವಣಿಗೆ, ಧಾರ್ಮಿಕ ಸಮಾರಂಭಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ.

ಏನು ಮಾಡಬೇಕು?

ಕೊಳ್ಳುವಾಗ ಸಿಡಿ ಮೇಲೆ ತಯಾರಕರ ಮತ್ತು ಹಕ್ಕುದಾರರ ಹೆಸರು, ವಿಳಾಸ, ಮೊದಲು ಪ್ರಕಟವಾದ ವರ್ಷ ಇದೆಯೇ ನೋಡಿ. ಸೆಕ್ಷನ್ 52ಎ ಪ್ರಕಾರ ಇದು ಕಡ್ಡಾಯ. ಬಿಲ್ ಮತ್ತು ಮೂಲ ಸಿಡಿ ಎರಡನ್ನೂ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಜಪ್ತಿ ಆದರೆ, ವಸ್ತು ವಾಪಸ್ ಕೋರಿ 15 ದಿನದೊಳಗೆ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಹಾಕಲು ಅವಕಾಶವಿದೆ. ವಕೀಲರ ಖರ್ಚು ಭರಿಸಲಾಗದ ಅರ್ಹರು ಕೋರ್ಟ್ ಆವರಣದ ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು.